ವಾಗ್ದಾನದ ವಚನವೂ ಅದರ ಪೂರ್ತಿ ಪುಟವೂ

(ಬೀದರಿನ ಮಂಗಲಪೇಟೆಯಲ್ಲಿ ಜನವರಿ ತಿಂಗಳ ಒಂದು ಸಂಜೆ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಸಭೆಯ ಹಿರಿಯರಿಗೂ, ಹುಮನಾಬಾದ್, ಭಾಲ್ಕಿ, ಔರಾದ್ ಕಡೆಯಿಂದ ಬಸ್ ಹಿಡಿದು ಬಂದಿರುವ ಬಂಧುಗಳಿಗೂ, ಕ್ರೈಸ್ತರಲ್ಲದಿದ್ದರೂ ವಿಷಯದ ಮೇಲಿನ ಪ್ರೀತಿಯಿಂದ ಬಂದು ಕುಳಿತಿರುವ ಗೆಳೆಯರಿಗೂ ನಮಸ್ಕಾರ.

ಡಿಸೆಂಬರ್ 31ರ ರಾತ್ರಿ ನಮ್ಮ ದೇವಾಲಯಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಆ ಗೆಳೆಯರಿಗಾಗಿ ಮೊದಲು ಹೇಳುತ್ತೇನೆ. ಹನ್ನೆರಡು ಗಂಟೆ ಸಮೀಪಿಸುತ್ತಿದ್ದಂತೆ ಎಲ್ಲರೂ ಮೊಣಕಾಲೂರುತ್ತಾರೆ. ಹೊಸ ವರ್ಷ ಹುಟ್ಟಿದ ಮೇಲೆ ಸ್ಟೀಲ್ ತಟ್ಟೆಯಲ್ಲಿ ಬೋರಲು ಹಾಕಿದ ಚೀಟಿಗಳು ಸಾಲಿನಿಂದ ಸಾಲಿಗೆ ಬರುತ್ತವೆ. ಒಬ್ಬೊಬ್ಬರು ಒಂದೊಂದನ್ನು ಎತ್ತುತ್ತಾರೆ. ಅದರ ಮೇಲೆ ಬೈಬಲಿನ ಒಂದು ವಚನ ಅಚ್ಚಾಗಿರುತ್ತದೆ. ಅದೇ ಅವರ ಪಾಲಿಗೆ ಆ ವರ್ಷದ ವಾಗ್ದಾನ. ಕೆಲವರು ಅದನ್ನು ಬೈಬಲಿನೊಳಗೆ ಇಟ್ಟುಕೊಳ್ಳುತ್ತಾರೆ, ಕೆಲವರು ಕನ್ನಡಿಯ ಅಂಚಿಗೆ ಸಿಕ್ಕಿಸುತ್ತಾರೆ, ಹುಡುಗರು ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಮಗ ದುಡಿಯಲು ಹೈದರಾಬಾದಿಗೆ ಹೋಗಿದ್ದರೆ ತಾಯಿ ಅವನ ಹೆಸರಿನಲ್ಲೂ ಒಂದು ಚೀಟಿ ಎತ್ತುತ್ತಾಳೆ.

ಈ ಪದ್ಧತಿಯನ್ನು ಹಗುರವಾಗಿ ಕಾಣಲು ನಾನು ಬಂದಿಲ್ಲ. ವರ್ಷವಿಡೀ ಯಾರಿಂದಲೂ ಒಂದು ಒಳ್ಳೆಯ ಮಾತು ಕೇಳದವರಿಗೆ, ದೇವರು ನಿನ್ನ ಸಂಗಡ ಇದ್ದಾನೆ ಎಂಬ ಎರಡು ಸಾಲು ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ನನ್ನ ತಕರಾರು ಇರುವುದು ಆ ಎರಡು ಸಾಲುಗಳನ್ನು ಯಾವ ಪುಟದಿಂದ ಕತ್ತರಿಸಿಕೊಂಡೆವೋ ಆ ಪುಟವನ್ನು ನಾವು ತೆರೆಯುವುದೇ ಇಲ್ಲ ಎಂಬುದರ ಬಗ್ಗೆ. ಆ ಮಾತನ್ನು ಯಾರಿಗೆ ಹೇಳಿದ್ದು, ಅವರು ಆಗ ಎಂಥ ಸ್ಥಿತಿಯಲ್ಲಿದ್ದರು, ಆಮೇಲೆ ಏನಾಯಿತು? ಇವನ್ನು ಬಿಟ್ಟರೆ ದೇವರ ವಾಗ್ದಾನ ವರ್ಷಭವಿಷ್ಯದ ಮಟ್ಟಕ್ಕೆ ಇಳಿಯುತ್ತದೆ. ಬೈಬಲಿನಲ್ಲಿ ವಾಗ್ದಾನ ಎಂದರೆ ಕೊಟ್ಟವನನ್ನೂ ಪಡೆದವನನ್ನೂ ಬಹುಕಾಲ ಕಟ್ಟಿಹಾಕುವ ಮಾತು. ಅದರಲ್ಲಿ ಕಾಯುವುದಿದೆ, ಜಗಳವಿದೆ, ಕರ್ತವ್ಯವೂ ಇದೆ. ಇಂದು ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಚೀಟಿಗಳಲ್ಲಿ ತಪ್ಪದೆ ಬರುವ ಒಂದು ವಚನ ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದ್ದು. ದೇವರು ನಿನ್ನನ್ನು ತಲೆಯಾಗಿ ಮಾಡುವನು, ಬಾಲವಾಗಿ ಮಾಡುವುದಿಲ್ಲ ಎಂಬ ಮಾತು. ಯಾರಿಗೆ ಬೇಡ? ಆದರೆ ಆ ಅಧ್ಯಾಯದಲ್ಲಿ 68 ವಚನಗಳಿವೆ. ಆಶೀರ್ವಾದ ಇರುವುದು ಮೊದಲ 14ರಲ್ಲಿ. ಹದಿನೈದನೆಯದರಿಂದ ಕೊನೆಯವರೆಗೂ ಶಾಪಗಳ ಸರಮಾಲೆ. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ, ಪರದೇಶಿಯ, ಅನಾಥನ, ವಿಧವೆಯ ನ್ಯಾಯವನ್ನು ಕೆಡಿಸುವವನು ಶಾಪಗ್ರಸ್ತನು ಎಂದು ದೇವರ ಸೇವೆಗೆ ನೇಮಕವಾದ ಲೇವಿ ಕುಲದವರು ಕೂಗಿ ಹೇಳಬೇಕು, ಜನರೆಲ್ಲ ಆಮೆನ್ ಅನ್ನಬೇಕು. ಹೀಗೆ ಆಮೆನ್ ಅಂದ ಜನರಿಗೆ ಆಡಿದ ಮಾತು ಆ ತಲೆ–ಬಾಲದ್ದು. ಊರ ವಿಧವೆಯ ಗಡಿಕಲ್ಲು ಸರಿಸಿದವನು ಆ ಚೀಟಿಯನ್ನು ಎತ್ತಿಕೊಂಡು ಸಂತೋಷಪಟ್ಟರೆ, ಅವನು ಅದೇ ಅಧ್ಯಾಯದ ಉಳಿದ 54 ವಚನಗಳನ್ನೂ ಓದಿಕೊಳ್ಳಬೇಕಾಗುತ್ತದೆ.

ಈಗ ಎಲ್ಲರಿಗೂ ಪ್ರಿಯವಾದ ಯೆರೆಮೀಯ 29:11ಕ್ಕೆ ಬರೋಣ. ನಿಮ್ಮ ಕುರಿತಾದ ನನ್ನ ಯೋಚನೆಗಳನ್ನು ನಾನು ಬಲ್ಲೆ, ಅವು ಕೇಡಿನವಲ್ಲ, ಹಿತದವು, ನಿಮಗೆ ಮುಂದಿನ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವಂಥವು ಎಂಬುದು ಅದರ ಭಾವ. ಮದುವೆಯ ಆಮಂತ್ರಣದಲ್ಲಿ, ಆಟೋದ ಹಿಂಭಾಗದಲ್ಲಿ, ಗೃಹಪ್ರವೇಶದ ಬ್ಯಾನರಿನಲ್ಲಿ ಇದನ್ನು ಕಾಣುತ್ತೇವೆ. ಇದು ಒಂದು ಪತ್ರದ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಮಣಿಸಿ, ಅರಸನನ್ನೂ ಅಧಿಕಾರಿಗಳನ್ನೂ ಕಮ್ಮಾರರನ್ನೂ ಕುಶಲಕರ್ಮಿಗಳನ್ನೂ ಸೆರೆಹಿಡಿದು ಒಯ್ದ. ಊರಿನಲ್ಲೇ ಉಳಿದ ಪ್ರವಾದಿ ಯೆರೆಮೀಯನು ದೂರದಲ್ಲಿ ಸೆರೆಯಾಗಿದ್ದ ಆ ಜನರಿಗೆ ಪತ್ರ ಬರೆದು ಕಳುಹಿಸಿದ. ಮನೆ ಬಿಟ್ಟು, ದೇವಾಲಯ ಬಿಟ್ಟು, ಭಾಷೆ ಬಾರದ ನಾಡಿನಲ್ಲಿ ಸಿಕ್ಕಿಕೊಂಡವರ ಕೈಗೆ ಬಂದ ಕಾಗದ ಅದು.

ಆ ಕಾಗದ ತಲುಪುವ ಹೊತ್ತಿಗೆ ಇನ್ನೊಂದು ವಾಗ್ದಾನವೂ ಜನರ ಬಾಯಲ್ಲಿ ಓಡಾಡುತ್ತಿತ್ತು. ಪತ್ರವಿರುವ ಅಧ್ಯಾಯದ ಹಿಂದಿನ ಅಧ್ಯಾಯವನ್ನು ದಯವಿಟ್ಟು ಮನೆಗೆ ಹೋಗಿ ಓದಿ. ಹನನ್ಯನೆಂಬ ಪ್ರವಾದಿ ಯೆರೂಸಲೇಮಿನ ದೇವಾಲಯದಲ್ಲಿ ಯಾಜಕರ ಮುಂದೆ, ಜನರೆಲ್ಲರ ಮುಂದೆ ನಿಂತು, ಎರಡೇ ವರ್ಷಗಳಲ್ಲಿ ಸೆರೆಯವರೆಲ್ಲ ಹಿಂದಿರುಗುತ್ತಾರೆ, ದೇವಾಲಯದ ಪಾತ್ರೆಗಳೂ ಮರಳುತ್ತವೆ ಎಂದು ಯೆಹೋವನ ಹೆಸರಿನಲ್ಲಿ ಸಾರಿದ. ಯೆರೆಮೀಯನು ಆಗ ಹೆಗಲ ಮೇಲೆ ಮರದ ನೊಗ ಹೊತ್ತುಕೊಂಡು ತಿರುಗುತ್ತಿದ್ದ, ಬಾಬೆಲಿನ ನೊಗ ಇನ್ನೂ ಇಳಿಯುವುದಿಲ್ಲ ಎಂದು ತೋರಿಸಲು. ಹನನ್ಯ ಆ ನೊಗವನ್ನು ಕಿತ್ತು ಎಲ್ಲರೆದುರು ಮುರಿದ. ನನ್ನನ್ನು ಬಹಳ ಕಾಡುವುದು, ನೊಗ ಮುರಿಯುವುದಕ್ಕೂ ಮುಂಚೆ, ಹನನ್ಯನ ಸಾರುವಿಕೆಗೆ ಯೆರೆಮೀಯನು ಹೇಳಿದ ಮೊದಲ ಮಾತು. ಆಮೆನ್, ಹಾಗೆಯೇ ಆಗಲಿ, ಯೆಹೋವನು ನಿನ್ನ ಮಾತನ್ನು ನೆರವೇರಿಸಲಿ ಎಂದ. ಅವನಿಗೂ ಎರಡು ವರ್ಷವೇ ಬೇಕಾಗಿತ್ತು! ಜನರ ನೋವು ದೀರ್ಘವಾಗಲಿ ಎಂದು ಬಯಸುವ ಮನಸ್ಸು ಅವನದಲ್ಲ. ಆದರೆ ಬಯಕೆಯನ್ನು ದೇವರ ಬಾಯಿಗೆ ತುರುಕಲು ಅವನು ಒಪ್ಪಲಿಲ್ಲ. ನೊಗ ಮುರಿದ ಮೇಲೆ ಅವನ ಬಾಯಿಂದ ಬಂದದ್ದು, ನೀನು ಮುರಿದದ್ದು ಮರದ ನೊಗ, ಅದರ ಬದಲು ಕಬ್ಬಿಣದ ನೊಗ ಬರುತ್ತದೆ ಎಂಬ ಮಾತು.

ಹನನ್ಯನ ವಾಗ್ದಾನ ಕೇಳಲು ಎಷ್ಟು ಹಿತವಾಗಿತ್ತೋ ಯೆರೆಮೀಯನ ಪತ್ರ ಅಷ್ಟೇ ಕಷ್ಟದ್ದು. ಮನೆಗಳನ್ನು ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎನ್ನುತ್ತದೆ ಅದು. ಚೀಟಿಯಲ್ಲಿ ಬರುವ ಹನ್ನೊಂದನೆಯ ವಚನದ ನೆತ್ತಿಯ ಮೇಲೇ ಹತ್ತನೆಯ ವಚನವಿದೆ. ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಾನು ನಿಮ್ಮನ್ನು ನೋಡಲು ಬರುವೆನು. 70 ವರ್ಷ! ಆ ಪತ್ರವನ್ನು ಕೈಯಲ್ಲಿ ಹಿಡಿದು ಓದಿದ ನಡುವಯಸ್ಸಿನವರಲ್ಲಿ ಯಾರೂ ಹಿಂದಿರುಗಿ ಬರುವಂತಿರಲಿಲ್ಲ. ಹಿತದ ಯೋಚನೆ ಎಂದು ದೇವರು ಹೇಳಿದ್ದು ಅವರ ಮೊಮ್ಮಕ್ಕಳನ್ನೂ ಸೇರಿಸಿಕೊಂಡು.

ಅವರು ನಿಜಕ್ಕೂ ಅಲ್ಲಿ ನೆಲೆಯೂರಿದರು. ಇರಾಕಿನ ಪ್ರದೇಶದಿಂದ ಬಂದ ಜೇಡಿಮಣ್ಣಿನ ಬರಹದ ಹಲಗೆಗಳಲ್ಲಿ ಅಲ್ ಯಾಹೂದು, ಅಂದರೆ ಯೆಹೂದದವರ ಊರು, ಎಂಬ ಹೆಸರು ಕಾಣಿಸುತ್ತದೆ. ಅವುಗಳಲ್ಲಿ ಹಳೆಯದು ಕ್ರಿ.ಪೂ. 572ರದು. ಗೇಣಿ, ಸಾಲ, ಬಾರ್ಲಿ, ಖರ್ಜೂರ, ದನಕರುಗಳ ವ್ಯವಹಾರ, ಅವುಗಳ ನಡುವೆ ಯೆಹೋವನ ಹೆಸರನ್ನು ಒಳಗೊಂಡ ಜನರ ಹೆಸರುಗಳು. ಸೆರೆಯ ನಾಡಿನಲ್ಲಿ ಕಾಲುವೆ ಪಕ್ಕ ಬೆಳೆ ತೆಗೆದು, ಮಕ್ಕಳಿಗೆ ತಮ್ಮ ದೇವರ ಹೆಸರಿಟ್ಟುಕೊಂಡು ಬದುಕಿದ ಆ ಕುಟುಂಬಗಳ ಬಗ್ಗೆ ನನಗೆ ಬಹಳ ಗೌರವ. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನು (ಸೈರಸ್) ಬಾಬೆಲನ್ನು ಗೆದ್ದ, ಸೆರೆಯವರು ಮರಳಬಹುದು ಎಂಬ ಆಜ್ಞೆ ಹೊರಟಿತು.

ನಮ್ಮ ಯಾದಗಿರಿ, ಕಲಬುರಗಿ, ಬೀದರ್ ಜಿಲ್ಲೆಗಳಿಂದ ಪ್ರತಿ ವರ್ಷ ಗುಳೆ ಹೋಗುವ ಕುಟುಂಬಗಳಿಗೆ ಈ ಪತ್ರ ನೇರವಾಗಿ ತಲುಪಬೇಕು ಎಂದು ನನಗೆ ಅನಿಸುತ್ತದೆ. ಹೈದರಾಬಾದು, ಪುಣೆ, ಮುಂಬೈಗಳಲ್ಲಿ ಬೇರೆಯವರ ಮಹಡಿ ಕಟ್ಟುತ್ತ ತಗಡಿನ ಶೆಡ್ಡಿನಲ್ಲಿ ಮಲಗುವವರಿಗೆ ‘ಮುಂದಿನ ವರ್ಷ ಎಲ್ಲ ಸರಿಹೋಗುತ್ತದೆ’ ಎಂದು ಚೀಟಿ ಕೊಟ್ಟು ಕಳುಹಿಸುವುದು ಹನನ್ಯನ ಕೆಲಸ. ಅಲ್ಲಿಯೂ ಮಕ್ಕಳನ್ನು ಶಾಲೆಗೆ ಹಾಕಿ, ಅಲ್ಲಿಯೂ ಸಭೆ ಸೇರಿ, ಆ ಊರಿಗಾಗಿಯೂ ಪ್ರಾರ್ಥಿಸಿ, ದೇವರು ಇಲ್ಲಿಯ ಗಡಿಯೊಳಗೆ ಕಟ್ಟಿಹಾಕಿಕೊಂಡವನಲ್ಲ ಎಂದು ಹೇಳುವುದು ಯೆರೆಮೀಯನ ಕೆಲಸ. ಸಭಾಪಾಲಕರು ಎರಡನೆಯದನ್ನೇ ಮಾಡಬೇಕು.

ಯೆರೆಮೀಯನನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ಅದೇ ಪುಸ್ತಕದ 32ನೆಯ ಅಧ್ಯಾಯದಲ್ಲಿ ಒಂದು ಹೊಲದ ಖರೀದಿ ನಡೆಯುತ್ತದೆ. ಹೊಲದ ಕಾಗದಪತ್ರ ಅಂದರೆ ಏನೆಂದು ಇಲ್ಲಿ ಕುಳಿತವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಜಾಮರ ಕಾಲದ ಉರ್ದು ಕಾಗದಗಳನ್ನು ಇಂದಿಗೂ ಟ್ರಂಕಿನ ತಳದಲ್ಲಿ ಜೋಪಾನ ಮಾಡಿರುವ ಮನೆಗಳು ನಮ್ಮಲ್ಲಿವೆ. ಓದಲು ಬಾರದಿದ್ದರೂ ಎಸೆಯುವುದಿಲ್ಲ. ಆ ಕಣ್ಣಿನಿಂದಲೇ ಈ ಅಧ್ಯಾಯ ನೋಡಿ.

ಅದು ಅರಸ ಚಿದ್ಕೀಯನ ಹತ್ತನೆಯ ವರ್ಷ. ಬಾಬೆಲಿನ ದಂಡು ಯೆರೂಸಲೇಮನ್ನು ಸುತ್ತುವರಿದಿದೆ. ಊರು ಶತ್ರುವಿನ ಪಾಲಾಗುತ್ತದೆ ಎಂದು ಹೇಳಿದ್ದಕ್ಕೆ ಯೆರೆಮೀಯನನ್ನು ಅರಮನೆಯ ಕಾವಲಂಗಳದಲ್ಲಿ ಕೂಡಿಹಾಕಿದ್ದಾರೆ. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಹನಮೇಲ ಬರುತ್ತಾನೆ. ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಅನಾತೋತ್ ಯೆರೂಸಲೇಮಿನಿಂದ ಐದು ಕಿಲೋಮೀಟರಿನೊಳಗೇ ಇದ್ದ ಹಳ್ಳಿ. ಶತ್ರುವಿನ ಸೈನ್ಯ ಬೀಡುಬಿಟ್ಟಿದ್ದ ಸೀಮೆ. ಅಂಥ ಹೊಲಕ್ಕೆ ಯಾರಾದರೂ ಕಾಸು ಕೊಡುತ್ತಾರೆಯೇ? ಯೆರೆಮೀಯ ಕೊಟ್ಟ. 17 ಶೆಕೆಲ್ ಬೆಳ್ಳಿ, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ ತೊಲ. ತಕ್ಕಡಿಯಲ್ಲಿ ತೂಗಿ ಕೊಟ್ಟ. ಪತ್ರ ಬರೆದು ಸಹಿ ಹಾಕಿದ, ಮುದ್ರೆ ಒತ್ತಿಸಿದ, ಸಾಕ್ಷಿಗಳಿಂದ ಸಹಿ ಮಾಡಿಸಿದ. ಮುಚ್ಚಿ ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇಡು ಎಂದ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷೆ ತೋಟಗಳ ಕ್ರಯ ಮತ್ತೆ ನಡೆಯುವುದು ಎಂಬ ಯೆಹೋವನ ವಾಗ್ದಾನಕ್ಕೆ ಆ ಖರೀದಿ ಪತ್ರವೇ ಗುರುತು.

ಎಲ್ಲ ಮುಗಿದ ಮೇಲೆ ಯೆರೆಮೀಯನಿಗೆ ದಿಗಿಲಾಗುತ್ತದೆ. ದೇವರೇ, ಊರು ಕಲ್ದೀಯರ (ಬಾಬೆಲಿನವರ) ಕೈವಶವಾಗುತ್ತಿದೆ, ನೀನು ನೋಡಿದರೆ ಹೊಲ ಕೊಂಡುಕೋ ಅಂದೆಯಲ್ಲಾ ಎಂದು ಪ್ರಾರ್ಥಿಸುತ್ತಾನೆ. ಹಣ ತೂಗಿ ಕೊಟ್ಟಾದ ಮೇಲೆ ಬಂದ ಈ ಕಳವಳವನ್ನು ಬೈಬಲು ಮುಚ್ಚಿಡಲಿಲ್ಲ. ನಂಬಿದವನಿಗೆ ಸಂಶಯ ಬರುವುದೇ ಇಲ್ಲ ಎಂದು ಬೋಧಿಸುವವರು ಈ ಪ್ರಾರ್ಥನೆಯನ್ನು ಒಮ್ಮೆ ಗಟ್ಟಿಯಾಗಿ ಓದಬೇಕು. ಯೆರೆಮೀಯ ಆ ಹೊಲದಲ್ಲಿ ಒಂದು ಬೆಳೆಯನ್ನೂ ತೆಗೆಯಲಿಲ್ಲ. ಯೆರೂಸಲೇಮು ಬಿದ್ದ ಮೇಲೆ ಅವನದೇ ಜನ ಅವನನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಎಳೆದುಕೊಂಡು ಹೋದರು. ಮಡಕೆಯಲ್ಲಿಟ್ಟ ಪತ್ರ ಇತರರಿಗಾಗಿ ಇಟ್ಟದ್ದು.

ಅಬ್ರಹಾಮನ ಕಥೆ ನಿಮಗೆಲ್ಲ ಬಾಯಿಪಾಠ, ಹಾಗಾಗಿ ಅದರಲ್ಲಿ ಎರಡು ಜಾಗದಲ್ಲಿ ಮಾತ್ರ ನಿಲ್ಲುತ್ತೇನೆ. ಸಂತತಿಯನ್ನೂ ನಾಡನ್ನೂ ಕೊಡುವೆನೆಂಬ ದೇವರ ಮಾತು ನಂಬಿ ಊರು ಬಿಟ್ಟು ಹೊರಟಾಗ ಅವನಿಗೆ 75 ವರ್ಷ. ಮಗ ಇಸಾಕ ಹುಟ್ಟಿದಾಗ 100. ನಡುವೆ ಒಂದು ರಾತ್ರಿ, ಆದಿಕಾಂಡ 15ರಲ್ಲಿ, ಕಡಸು, ಆಡು, ಟಗರುಗಳನ್ನು ಎರಡು ಹೋಳು ಮಾಡಿ ಎದುರುಬದುರು ಇಡುತ್ತಾನೆ. ಒಪ್ಪಂದ ಮಾಡಿಕೊಳ್ಳುವವರು ಆ ಹೋಳುಗಳ ನಡುವೆ ಹಾದುಹೋಗುವುದು ಆ ಕಾಲದ ಕ್ರಮ. ಮಾತಿಗೆ ತಪ್ಪಿದರೆ ನನ್ನ ಗತಿಯೂ ಇದೇ ಎಂಬುದು ಅದರ ಅರ್ಥ. ಯೆರೆಮೀಯ 34ರಲ್ಲಿ ಇದು ಸ್ಪಷ್ಟವಾಗಿದೆ. ಆದರೆ ಅಬ್ರಹಾಮನಿಗೆ ಗಾಢ ನಿದ್ರೆ ಹತ್ತಿತ್ತು. ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋದವು. ಹಾದದ್ದು ದೇವರ ಕಡೆಯವು ಮಾತ್ರ. ತಪ್ಪಿದರೆ ಶಿಕ್ಷೆ ನನಗಿರಲಿ ಎಂಬಂತೆ ದೇವರೇ ಆಣೆ ಇಟ್ಟ. ನಾನು ಕ್ರಿಸ್ತನ ಶಿಲುಬೆಯನ್ನು ನೆನೆದಾಗಲೆಲ್ಲ ಈ ರಾತ್ರಿ ನೆನಪಾಗುತ್ತದೆ. ಅದೇ ರಾತ್ರಿ ಇನ್ನೊಂದು ಮಾತೂ ಬಂತು: ನಿನ್ನ ಸಂತತಿಯವರು ಪರದೇಶದಲ್ಲಿ 400 ವರ್ಷ ದಾಸರಾಗಿರುವರು. ಅದೂ ವಾಗ್ದಾನದ ಒಳಗೇ ಇತ್ತು.

ಎರಡನೆಯದು ಹಾಗರಳದು. ಆಕೆ ಐಗುಪ್ತದ ದಾಸಿ. ಮಗುವಿಗಾಗಿ ಕಾಯಲಾರದೆ ಅಬ್ರಹಾಮನ ಹೆಂಡತಿ ಸಾರಳು ಅವಳನ್ನು ಗಂಡನಿಗೆ ಒಪ್ಪಿಸಿದ ಏರ್ಪಾಡಿಗೆ ಸಿಕ್ಕಿ, ಬಸುರಿಯಾಗಿ, ಪೆಟ್ಟು ತಿಂದು ಮರಳುಗಾಡಿಗೆ ಓಡಿಹೋದವಳು. ದೇವದೂತನು ಅವಳನ್ನು ನೀರಿನ ಬುಗ್ಗೆಯ ಬಳಿ ಹೆಸರು ಹಿಡಿದು ಕರೆದು, ನಿನ್ನ ಸಂತತಿಯನ್ನು ಎಣಿಸಲಾಗದಷ್ಟು ಹೆಚ್ಚಿಸುವೆನು ಎಂದ. ಯಜಮಾನನಿಗೆ ಕೊಟ್ಟಂಥ ವಾಗ್ದಾನವೇ ಮನೆಯ ಆಳಿಗೂ! ಆಕೆ ಆ ದೇವರಿಗೆ ‘ನನ್ನನ್ನು ನೋಡುವವನು’ ಎಂಬ ಹೆಸರನ್ನೇ ಇಟ್ಟಳು. ವಾಗ್ದಾನಗಳು ನಮ್ಮ ಸಭೆಯ ಸದಸ್ಯತ್ವದ ಪುಸ್ತಕದೊಳಗೆ ಮುಗಿಯುತ್ತವೆ ಎಂದು ಭಾವಿಸುವವರು ಹಾಗರಳನ್ನು ಮರೆತಿದ್ದಾರೆ. ನೋಹನ ಕಾಲದ ಮುಗಿಲಬಿಲ್ಲಿನ ಒಡಂಬಡಿಕೆಯನ್ನಂತೂ ಹಕ್ಕಿ, ಪಶು, ಕಾಡುಮೃಗಗಳ ಸಹಿತ ಎಲ್ಲ ಜೀವಿಗಳೊಂದಿಗೆ ಮಾಡಿದ್ದೆಂದು ಆದಿಕಾಂಡ 9 ಮತ್ತೆ ಮತ್ತೆ ಹೇಳುತ್ತದೆ.

ಈಗ ಸ್ವಲ್ಪ ಕಠಿಣವಾಗಿ ಮಾತನಾಡಬೇಕಾಗಿದೆ. ಕೀರ್ತನೆ 91 ನಮ್ಮ ಮನೆಗಳಲ್ಲಿ ಬಹಳ ಓದುವ ಕೀರ್ತನೆ. ನಿನ್ನನ್ನು ಕಾಯುವುದಕ್ಕೆ ತನ್ನ ದೂತರಿಗೆ ಅಪ್ಪಣೆ ಕೊಡುವನು, ನಿನ್ನ ಕಾಲು ಕಲ್ಲಿಗೆ ತಗಲದಂತೆ ಅವರು ಕೈಗಳಲ್ಲಿ ಎತ್ತಿಕೊಳ್ಳುವರು. ಸುವಾರ್ತೆಗಳಲ್ಲಿ ಈ ವಾಗ್ದಾನವನ್ನು ಯೇಸುವಿಗೆ ಎತ್ತಿ ತೋರಿಸುವವನು ಯಾರು? ಶೋಧಕನು, ಅಂದರೆ ಸೈತಾನನು. ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ಧುಮುಕು, ಬರೆದಿದೆಯಲ್ಲಾ ಎನ್ನುತ್ತಾನೆ. ವಚನ ಸರಿಯಾಗಿಯೇ ಇದೆ. ಸಿಂಹವನ್ನೂ ಸರ್ಪವನ್ನೂ ತುಳಿಯುವಿ ಎಂಬ ಮುಂದಿನ ವಚನವನ್ನು ಮಾತ್ರ ಅವನು ಬಿಟ್ಟುಬಿಡುತ್ತಾನೆ. ಯೇಸು ಅದಕ್ಕೆ ಕೊಟ್ಟ ಉತ್ತರ ಧರ್ಮೋಪದೇಶಕಾಂಡದ್ದು: ನಿನ್ನ ದೇವರನ್ನು ಪರೀಕ್ಷಿಸಬಾರದು. ದೇವರ ಮಾತನ್ನೇ ಹಿಡಿದು ದೇವರನ್ನು ಮೂಲೆಗೆ ತಳ್ಳುವ ಆಟಕ್ಕೆ ಮಗನು ಒಪ್ಪಲಿಲ್ಲ.

ಇಷ್ಟು ಕಾಣಿಕೆ ಕಳುಹಿಸಿದರೆ ನೂರರಷ್ಟು ಹಿಂದಿರುಗುತ್ತದೆ ಎಂದು ಟಿವಿಯಲ್ಲಿ, ಮೊಬೈಲಿನಲ್ಲಿ, ದೊಡ್ಡ ಮೈದಾನಗಳಲ್ಲಿ ಸಾರುವವರು ಇಂದು ಆಡುತ್ತಿರುವುದು ಅದೇ ಆಟ. ಅವರು ತೋರಿಸುವ ವಚನ ಮಾರ್ಕ 10:30. ಅದನ್ನು ಹೇಳಿದ್ದು ಮನೆ, ಅಣ್ಣತಮ್ಮಂದಿರು, ಹೊಲಗಳನ್ನು ಬಿಟ್ಟುಬಂದ ಶಿಷ್ಯರಿಗೆ. ಅದರೊಳಗೇ ‘ಹಿಂಸೆಗಳ ಸಹಿತ’ ಎಂಬ ಮಾತೂ ಇದೆ. ಕೂಲಿಯ ದುಡ್ಡಿನಲ್ಲಿ, ಸ್ವಸಹಾಯ ಸಂಘದ ಸಾಲದಲ್ಲಿ ಕಾಣಿಕೆ ಕಳುಹಿಸಿದ ತಾಯಂದಿರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರ ಭಕ್ತಿಗೆ ಕೈಮುಗಿಯುತ್ತೇನೆ. ಅದನ್ನು ಬಳಸಿಕೊಂಡವರ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟನ್ನು ಮರೆಮಾಚುವ ಅಗತ್ಯ ಕಾಣುತ್ತಿಲ್ಲ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ದೇವರ ವರವನ್ನು ಹಣಕೊಟ್ಟು ಕೊಳ್ಳಲು ಬಂದ ಸೀಮೋನನಿಗೆ ಪೇತ್ರನು ಹೇಳಿದ ಮಾತು ಮಾರುವವನಿಗೂ ಅನ್ವಯಿಸುತ್ತದೆ: ನಿನ್ನ ಬೆಳ್ಳಿ ನಿನ್ನೊಂದಿಗೇ ಹಾಳಾಗಲಿ.

ಹಾಗಾದರೆ ವಾಗ್ದಾನ ನೆರವೇರದೆ ಹೋದಂತೆ ಕಂಡಾಗ ಏನು ಮಾಡಬೇಕು? ಕೀರ್ತನೆ 89 ನೋಡಿ. ದಾವೀದನ ಸಿಂಹಾಸನ ಶಾಶ್ವತವಾಗಿರುವುದೆಂದು 2 ಸಮುವೇಲ 7ರಲ್ಲಿ ದೇವರು ಕೊಟ್ಟ ಮಾತನ್ನು ಕೀರ್ತನೆಗಾರನು ಸಾಲುಸಾಲಾಗಿ ಹಾಡುತ್ತಾನೆ. 37 ವಚನಗಳವರೆಗೂ ಸ್ತೋತ್ರವೇ. 38ರಿಂದ ದನಿ ಬದಲಾಗುತ್ತದೆ. ನೀನೇ ತಳ್ಳಿಬಿಟ್ಟೆ, ಒಡಂಬಡಿಕೆಯನ್ನು ರದ್ದುಮಾಡಿದೆ, ಕಿರೀಟವನ್ನು ನೆಲಕ್ಕೆ ಹಾಕಿ ಹೊಲೆಮಾಡಿದೆ, ದಾವೀದನಿಗೆ ಆಣೆಯಿಟ್ಟು ಹೇಳಿದ ಆ ಮೊದಲಿನ ಪ್ರೀತಿ ಎಲ್ಲಿ? ನುಡಿದಂತೆ ನಡೆಯಬೇಕೆಂದು ಶರಣರು ಮನುಷ್ಯರ ಮುಂದಿಟ್ಟ ನಿಷ್ಠುರವಾದ ಅಳತೆಗೋಲು ಕಲ್ಯಾಣವನ್ನು ಮಡಿಲಲ್ಲಿಟ್ಟುಕೊಂಡ ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಕೀರ್ತನೆಗಾರನು ಅದೇ ಅಳತೆಗೋಲನ್ನು ದೇವರ ಮುಂದೆಯೇ ಹಿಡಿಯುತ್ತಾನೆ. ಇದು ನಾಸ್ತಿಕನ ಮಾತಲ್ಲ. ಮಾತು ಕೊಟ್ಟವನೇ ಎದುರಿಗಿದ್ದಾನೆ ಎಂದು ನಂಬಿದವನಷ್ಟೇ ಹೀಗೆ ಕೇಳಬಲ್ಲ. ದೇವಾಲಯದ ಹಾಡುಗಳ ಪುಸ್ತಕದಲ್ಲಿ ಈ ಜಗಳಕ್ಕೂ ಜಾಗ ಕೊಟ್ಟವರ ದೊಡ್ಡತನವನ್ನು ನಮ್ಮ ಆರಾಧನೆ ಕಲಿತಿಲ್ಲ. ಮಗುವನ್ನು ಕಳೆದುಕೊಂಡ ಮನೆಗೆ ಹೋಗಿಯೂ ನಾವು ಸ್ತೋತ್ರದ ಹಾಡನ್ನೇ ಎತ್ತುತ್ತೇವೆ.

ಈ ಪ್ರಶ್ನೆಗೆ ಕ್ರೈಸ್ತ ನಂಬಿಕೆಯ ಉತ್ತರ ಒಬ್ಬ ವ್ಯಕ್ತಿ. ದೇವರ ವಾಗ್ದಾನಗಳು ಎಷ್ಟಿದ್ದರೂ ಅವೆಲ್ಲ ಕ್ರಿಸ್ತನಲ್ಲಿಯೇ ‘ಹೌದು’ ಆಗಿವೆ ಎಂದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ ಹೇಳುತ್ತಾನೆ. ಆ ‘ಹೌದು’ ಹೇಗೆ ಬಂತೆಂಬುದನ್ನು ನೋಡಿ. ನನ್ನ ದೇವರೇ, ಯಾಕೆ ಕೈಬಿಟ್ಟೆ ಎಂಬ 22ನೆಯ ಕೀರ್ತನೆಯ ಕೂಗನ್ನು ಶಿಲುಬೆಯ ಮೇಲೆ ಯೇಸುವೇ ಕೂಗಿದ. ದೇವರೊಂದಿಗೆ ಜಗಳವಾಡುವವರ ಸಾಲಿನಲ್ಲಿ ಅವನೂ ಬಂದು ನಿಂತ. ಮೂರನೆಯ ದಿನ ಸಮಾಧಿ ತೆರೆದಿತ್ತು. ನಿಮ್ಮನ್ನು ಅನಾಥರಾಗಿ ಬಿಡುವುದಿಲ್ಲ ಎಂದು ಅವನು ಶಿಷ್ಯರಿಗೆ ಹೇಳಿದ್ದು ತಾನು ಹಿಡಿಯಲ್ಪಡುವ ರಾತ್ರಿಯಲ್ಲಿ. ಲೋಕದಲ್ಲಿ ನಿಮಗೆ ಸಂಕಟ ಉಂಟು ಎಂದು ಹೇಳಿದ್ದೂ ಅದೇ ರಾತ್ರಿ. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯ ಇನ್ನೂ ನೇರ. ಇವರೆಲ್ಲರೂ ವಾಗ್ದಾನದ ಫಲಗಳನ್ನು ಹೊಂದದೆ, ದೂರದಿಂದ ನೋಡಿ ವಂದಿಸಿ ಸತ್ತರು ಎನ್ನುತ್ತದೆ. ಅಬ್ರಹಾಮನಿಗೆ ಆ ದೇಶದಲ್ಲಿ ಸ್ವಂತವಾಗಿ ದಕ್ಕಿದ್ದು, 400 ಶೆಕೆಲ್ ಕೊಟ್ಟು ಸಾರಳ ಸಮಾಧಿಗೆಂದು ಕೊಂಡ ಮಕ್ಪೇಲದ ಗವಿ ಮತ್ತು ಅದರ ಸುತ್ತಲ ಹೊಲ.

ನಮ್ಮ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆಯವರು ಬಹಳ ಮಂದಿ ಇರುವುದರಿಂದ ಒಂದು ಸಲಹೆ. ಜಾನ್ ವೆಸ್ಲಿಯವರು 1755ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಒಡಂಬಡಿಕೆಯ ಆರಾಧನೆಯನ್ನು ಆರಂಭಿಸಿದರು. ಮೆಥೋಡಿಸ್ಟರು ಅದನ್ನು ಹೊಸ ವರ್ಷದ ಹೊತ್ತಿನಲ್ಲಿ ನಡೆಸುವುದು ವಾಡಿಕೆಯಾಗಿದೆ. ಅದರಲ್ಲಿ ದೇವರಿಂದ ಮಾತು ಪಡೆಯುವವನು ತಾನೂ ಮಾತು ಕೊಡುತ್ತಾನೆ: ನಾನು ಇನ್ನು ನನ್ನವನಲ್ಲ, ನಿನ್ನವನು, ದುಡಿಸಿದರೂ ಸರಿ, ನೋಯಿಸಿದರೂ ಸರಿ, ಕೆಲಸಕ್ಕೆ ತೆಗೆದುಕೊಂಡರೂ ಸರಿ, ಬದಿಗಿಟ್ಟರೂ ಸರಿ ಎಂಬ ಅರ್ಥದ ಪ್ರಾರ್ಥನೆ ಅದು. ಚೀಟಿ ಎತ್ತುವ ರಾತ್ರಿಯೇ ಈ ಪ್ರಾರ್ಥನೆಯನ್ನೂ ಹೇಳಿಸಿದರೆ ಎಷ್ಟು ಚೆನ್ನ! ಚೀಟಿಯ ಹಿಂಬದಿ ಖಾಲಿಯೇ ಇರುತ್ತದೆ. ಅಲ್ಲಿ ಅಧ್ಯಾಯದ ಸಂಖ್ಯೆ ಬರೆದು, ಇಡೀ ಅಧ್ಯಾಯವನ್ನು ಮನೆಯಲ್ಲಿ ಎಲ್ಲರೂ ಕುಳಿತು ಓದಿ ಎಂದು ಹೇಳಿ ಕಳುಹಿಸಿ.

ಪ್ರಶ್ನೆಗಳಿಗೆ ಸಮಯ ಬಿಟ್ಟಿದ್ದೆ. ಮೊದಲು ಎದ್ದವರು ಒಬ್ಬ ತಾಯಿ. ವಾಗ್ದಾನ ಹಿಡಿದು, ಉಪವಾಸವಿದ್ದು ಪ್ರಾರ್ಥಿಸಿದೆವು, ಆದರೂ ನಮ್ಮ ಮನೆಯವರು ಉಳಿಯಲಿಲ್ಲ, ನಿಮ್ಮ ನಂಬಿಕೆ ಸಾಲದು ಎಂದರು, ನಿಜವೇ ಎಂದು ಕೇಳಿದರು. ನಾನು ಹೇಳಿದ್ದು: ಇಲ್ಲ ತಾಯಿ, ನಿಜವಲ್ಲ. ಪೌಲನಿಗಿಂತ ದೊಡ್ಡ ನಂಬಿಕೆ ನಮ್ಮಲ್ಲಿ ಯಾರಿಗಿದೆ? ಅವನು ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ರೋಗಿಯಾಗಿಯೇ ಬಿಟ್ಟುಬರಬೇಕಾಯಿತು. ತಿಮೊಥೆಯನಿಗೆ ಪದೇ ಪದೇ ಕಾಡುವ ಅಸ್ವಸ್ಥತೆಗೆ ಮನೆಮದ್ದಿನಂತೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ತನ್ನ ಶರೀರದ ಮುಳ್ಳನ್ನು ತೆಗೆಯೆಂದು ಮೂರು ಸಾರಿ ಬೇಡಿದ. ಸಿಕ್ಕ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು’. ಅದೂ ಚೀಟಿಗಳಲ್ಲಿ ಬರುವ ವಚನವೇ. ಗುಣವಾಗದ ನೋವಿನ ನಡುವೆ ಬಂದ ಮಾತು ಎಂಬುದು ಮಾತ್ರ ಚೀಟಿಯಲ್ಲಿ ಇರುವುದಿಲ್ಲ. ನಿಮ್ಮ ಯಜಮಾನರ ಸಾವಿನ ಹೊಣೆಯನ್ನು ನಿಮ್ಮ ನಂಬಿಕೆಯ ಮೇಲೆ ಹೊರಿಸಿದವರು ನಿಮಗೆ ಅನ್ಯಾಯ ಮಾಡಿದ್ದಾರೆ. ಅವರ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

ಕೊನೆಯ ಪ್ರಶ್ನೆ ಔರಾದ್ ಕಡೆಯ ರೈತರೊಬ್ಬರದು. ಭೂಮಿ ಇರುವ ತನಕ ಬಿತ್ತನೆಯೂ ಸುಗ್ಗಿಯೂ ನಿಲ್ಲುವುದಿಲ್ಲ ಎಂದು ಆದಿಕಾಂಡ 8:22ರಲ್ಲಿದೆ. ಹೆಸರು, ಉದ್ದು ಬಿತ್ತಿ ಮುಗಿಲು ನೋಡುತ್ತ ಕುಳಿತಾಗ ಆ ಮಾತು ನನ್ನ ಹೊಲಕ್ಕೆ ಯಾಕೆ ಬರಲಿಲ್ಲ ಎಂದರು.

ಆ ಮಾತನ್ನು ಇಡೀ ಭೂಮಿಗೆ ಹೇಳಿದ್ದು. ಒಂದೊಂದು ಸರ್ವೆ ನಂಬರಿಗೂ ಪ್ರತಿ ವರ್ಷ ಬೆಳೆ ಬರುತ್ತದೆ ಎಂದು ಅದು ಹೇಳುವುದಿಲ್ಲ ಎಂದೆ. ಅಂಜೂರ ಚಿಗುರದಿದ್ದರೂ, ಹೊಲ ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನಗಳಿಲ್ಲದಿದ್ದರೂ ಯೆಹೋವನಲ್ಲಿ ಉಲ್ಲಾಸಿಸುವೆನು ಎಂದು ಹಬಕ್ಕೂಕನ ಪುಸ್ತಕದ ಕೊನೆಯಲ್ಲಿದೆ. ಹಾಗೆ ಹಾಡುವ ಹಕ್ಕು ಕೊಟ್ಟಿಗೆ ಖಾಲಿಯಾದವನಿಗೆ ಮಾತ್ರ ಇದೆ. ಪಕ್ಕದ ಮನೆಯವನು ಅದನ್ನು ಅವನಿಗೆ ಬೋಧಿಸಬಾರದು. ಪಕ್ಕದ ಮನೆಯವನ ಕೆಲಸ ಬೇರೆ. ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯದಲ್ಲಿ, ದೊಡ್ಡ ಬರ ಬರುತ್ತದೆಂದು ಅಗಬನೆಂಬ ಪ್ರವಾದಿ ಅಂತಿಯೋಕ್ಯದ ಸಭೆಗೆ ತಿಳಿಸುತ್ತಾನೆ. ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಬರ ಬಂದೇ ಬಂತು. ಆ ಸಭೆಯವರು ಒಬ್ಬೊಬ್ಬರೂ ತಮ್ಮ ಶಕ್ತಿಯಿದ್ದಷ್ಟು ಹಣ ಕೂಡಿಸಿ, ಯೂದಾಯದಲ್ಲಿದ್ದವರಿಗೆ ಬಾರ್ನಬ, ಸೌಲರ ಕೈಯಲ್ಲಿ ಕಳುಹಿಸಿಕೊಟ್ಟರು. ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ ಎಂಬ ದೇವರ ಮಾತು ಯೂದಾಯದ ಮನೆಗಳಿಗೆ ಆ ವರ್ಷ ತಲುಪಿದ್ದು ಹಾಗೆ. ನಿಮ್ಮ ಊರಿನ ಸಭೆಯಲ್ಲಿ ಕಳೆದ ಮುಂಗಾರು ಕೈಕೊಟ್ಟಾಗ ಯಾರ ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲ, ಸಭೆಯ ಪೆಟ್ಟಿಗೆಯಲ್ಲಿ ಆಗ ಎಷ್ಟು ಹಣವಿತ್ತು ಎಂದು ಮುಂದಿನ ಕಮಿಟಿಯ ಸಭೆಯಲ್ಲಿ ನೀವೇ ಎದ್ದು ಕೇಳಿ. ನಾನೂ ಬಂದು ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ ಎಂದೆ.